ಅತ್ತೆ ಮನೇಲಿ ನಿಲ್ಲೋದೇ ಇಲ್ಲ! ಈ ವಯಸ್ಸಲ್ಲಿ ಇಷ್ಟು ಓಡಾಟ ಒಳ್ಳೆಯದಾ?

ಕುವೆಂಪುನಗರದ_ಸೊಸೆ
ಎಲ್ಲರಿಗೂ ನಮಸ್ಕಾರ. ನಮ್ಮತ್ತೆಗೆ ಈಗ 71. ಬಿಪಿ ಇದೆ, ಶುಗರ್ ಇದೆ, ಎಡ ಮಂಡಿ ನೋವು ಬೇರೆ. ಮಾವ ಹೋದ ಮೇಲೆ ರೂಮು ಬಿಟ್ಟು ಹೊರಗೇ ಬರುತ್ತಿರಲಿಲ್ಲ. ಊಟಕ್ಕೆ ಕರೆದರೆ "ಆಮೇಲೆ" ಅನ್ನೋರು. ಪಕ್ಕದ ಬೀದಿಯ ಒಬ್ಬರು ಭಜನಾ ಮಂಡಳಿಗೆ ಎಳೆದುಕೊಂಡು ಹೋದರು ನೋಡಿ, ಅಲ್ಲಿಂದ ಶುರು. ಈಗ ಮಂಗಳವಾರ ಲಲಿತಾ ಸಹಸ್ರನಾಮ, ಶನಿವಾರ ಭಜನೆ. ನಡುವೆ ಬಿಡುವಾದರೆ ಶಕ್ತಿ ಬಸ್ಸಲ್ಲಿ ನಂಜನಗೂಡು, ಮೇಲುಕೋಟೆ. ಐದಾರು ಜನರ ಗ್ಯಾಂಗು. ಆಧಾರ್ ಕಾರ್ಡು, ನೀರಿನ ಬಾಟಲಿ, ಚಿತ್ರಾನ್ನದ ಡಬ್ಬಿ ಒಂದು ಬಟ್ಟೆ ಚೀಲದಲ್ಲಿ ಯಾವಾಗಲೂ ರೆಡಿ.

ನಮ್ಮ ಯಜಮಾನರಿಗೆ, ನಾದಿನಿಗೆ ಇದು ಸರಿ ಬರುತ್ತಿಲ್ಲ. "ಮನೇಲಿ ಮಗ, ಸೊಸೆ, ಮೊಮ್ಮಗ ಎಲ್ಲ ಇದ್ದಾರೆ. ಮಾತಾಡೋಕೆ ಹೊರಗೇ ಹೋಗಬೇಕಾ? ಎಲ್ಲಾದರೂ ಬಿದ್ದರೆ?" ಅಂತ. ಡಾಕ್ಟರು ಮಾತ್ರ "ಹೋಗಲಿ ಬಿಡಿ, ತಡೀಬೇಡಿ" ಅಂದರು. ಶುಗರ್ ಮೊದಲಿಗಿಂತ ಹತೋಟಿಯಲ್ಲಿದೆ, ರಾತ್ರಿ ನಿದ್ದೆಯೂ ಬರುತ್ತಿದೆಯಂತೆ. ಇದು ನಿಜವಾಗಲೂ ಓಡಾಟದಿಂದಾನಾ ಅಥವಾ ಸುಮ್ನೆ ಕಾಕತಾಳೀಯಾನಾ? ಗೊತ್ತಿರೋರು ಹೇಳಿ.

ಅರಳಿಕಟ್ಟೆ
ಶುಗರ್ ಇಳಿದಿದೆ, ನಿದ್ದೆ ಬರುತ್ತಿದೆ. ಇನ್ನೇನು ಬೇಕು ತಾಯಿ? ಬಿಟ್ಟುಬಿಡಿ.

ನಿವೃತ್ತ_ಮೇಷ್ಟ್ರು
ನಿಮ್ಮ ಯಜಮಾನರ ಮಾತನ್ನು ನಾನು ಪೂರ್ತಿ ತಳ್ಳಿಹಾಕೋದಿಲ್ಲ. ನಮ್ಮ ಕೆಎಸ್‌ಆರ್‌ಟಿಸಿ ಬಸ್ಸಿನ ಮೊದಲ ಮೆಟ್ಟಿಲು ಎಷ್ಟು ಎತ್ತರ ಇದೆ ನೋಡಿದ್ದೀರಾ? ಮಂಡಿ ನೋವಿರೋರು ಅದನ್ನು ಹತ್ತೋದೇ ಒಂದು ಸಾಹಸ. ಮೇಲಾಗಿ ಈಗ ಬಸ್ಸಲ್ಲಿ ಕಾಲಿಡೋಕೆ ಜಾಗ ಇರಲ್ಲ. ಮಧ್ಯಾಹ್ನ ಹೊತ್ತು ಹೋಗಿ ಬರಲಿ, ಬೆಳಿಗ್ಗೆ ಒಂಬತ್ತರ ಬಸ್ಸು ಮಾತ್ರ ಬೇಡ.

ಗೌಡ್ರು_ಮಂಡ್ಯ
ಒಂಟಿತನ ದಿನಕ್ಕೆ 15 ಸಿಗರೇಟು ಸೇದಿದಷ್ಟು ಕೆಟ್ಟದ್ದು. ಇದನ್ನು ಹೇಳಿದ್ದು ಅಮೆರಿಕದ ಸರ್ಜನ್ ಜನರಲ್ ಆಗಿದ್ದ ವಿವೇಕ್ ಮೂರ್ತಿ. ಅವರ ಮೂಲ ನಮ್ಮ ಮಂಡ್ಯ ಜಿಲ್ಲೆಯ ಹಲ್ಲೆಗೆರೆ ಅನ್ನೋದು ನೆನಪಿರಲಿ 😎

ಡೇಟಾ_ದಾಸಪ್ಪ
ಗೌಡ್ರೇ, ಸ್ವಲ್ಪ ತಡೀರಿ. ಮೂರ್ತಿಯವರು 2023ರಲ್ಲಿ ವರದಿ ಕೊಟ್ಟಿದ್ದು ನಿಜ. ಆದರೆ ಆ ಹೋಲಿಕೆ ಹುಟ್ಟಿದ್ದು ಜೂಲಿಯಾನ್ ಹೋಲ್ಟ್-ಲನ್‌ಸ್ಟಾಡ್ ಅವರ 2010ರ ಅಧ್ಯಯನದಿಂದ. ಅವರ ತಂಡ 148 ಅಧ್ಯಯನಗಳನ್ನು ಒಟ್ಟು ಹಾಕಿ ಲೆಕ್ಕ ಮಾಡಿತ್ತು, ಸೇರಿಸಿದರೆ 3 ಲಕ್ಷಕ್ಕೂ ಹೆಚ್ಚು ಜನ. ಜನರ ಒಡನಾಟ ಗಟ್ಟಿ ಇದ್ದವರು ಆ ಅಧ್ಯಯನಗಳ ಅವಧಿಯಲ್ಲಿ ಬದುಕುಳಿಯುವ ಸಾಧ್ಯತೆ ಸುಮಾರು 50% ಜಾಸ್ತಿ ಅಂತ ಬಂತು. ಅದು ಒಡನಾಟ ಇಲ್ಲದ್ದರ ಲೆಕ್ಕ. "ಬೇಜಾರಾಗ್ತಿದೆ" ಅಂತ ಕೂತವನಿಗೂ 15 ಸಿಗರೇಟಿನ ಲೆಕ್ಕ ಹಾಕಿದರೆ ಅದು ಬರೀ ವಾಟ್ಸಾಪ್ ಫಾರ್ವರ್ಡು.

ಇನ್ನೊಂದು ಮಾತು. ಇವೆಲ್ಲ ಜನರನ್ನು ವರ್ಷಗಟ್ಟಲೆ ಗಮನಿಸಿ ಬರೆದಿದ್ದು, ಔಷಧಿ ಕೊಟ್ಟು ಪರೀಕ್ಷೆ ಮಾಡಿದ ಹಾಗಲ್ಲ. ಕೈಕಾಲು ಗಟ್ಟಿ ಇರೋರೇ ಹೊರಗೆ ಓಡಾಡೋದು, ಅದಕ್ಕೇ ಅವರು ಜಾಸ್ತಿ ಬದುಕೋದು ಅಂತಲೂ ಹೇಳಬಹುದು. ಮರೆವಿನ ಕಾಯಿಲೆ ಗೊತ್ತಾಗೋಕೆ ವರ್ಷಗಳ ಮುಂಚೆಯೇ ಜನ ನಿಧಾನಕ್ಕೆ ಮೂಲೆ ಸೇರುತ್ತಾರೆ. ಆಗ ಯಾವುದು ಕಾರಣ, ಯಾವುದು ಪರಿಣಾಮ?

ಗೌಡ್ರು_ಮಂಡ್ಯ
ಸರಿ ಸ್ವಾಮಿ. ಹಲ್ಲೆಗೆರೆ ಮಾತ್ರ ನಿಜ ತಾನೆ?

ಡೇಟಾ_ದಾಸಪ್ಪ
ನಿಜ. ಅದರಲ್ಲಿ ತಕರಾರಿಲ್ಲ 😀

ಕ್ಲಿನಿಕ್_ಅಕ್ಕ
ವೃದ್ಧರನ್ನು ದಿನಾ ನೋಡುವ ಡಾಕ್ಟರಾಗಿ ಒಂದೆರಡು ಮಾತು. ದಾಸಪ್ಪನವರ ಪ್ರಶ್ನೆ ನ್ಯಾಯವಾದದ್ದೇ. ಆದರೆ ಎಲ್ಲವನ್ನೂ "ಆರೋಗ್ಯ ಇದ್ದವರು ಓಡಾಡ್ತಾರೆ ಅಷ್ಟೇ" ಅಂತ ಮುಗಿಸೋಕಾಗಲ್ಲ. 1997ರಲ್ಲಿ ಶೆಲ್ಡನ್ ಕೋಹೆನ್ ಅನ್ನೋರು 276 ಜನ ಆರೋಗ್ಯವಂತರ ಮೂಗಿಗೆ ನೆಗಡಿ ವೈರಸ್ ಇರುವ ಹನಿ ಬಿಟ್ಟು, ಎಲ್ಲರನ್ನೂ ಪ್ರತ್ಯೇಕವಾಗಿ ಇಟ್ಟು ನೋಡಿದರು. ಬಗೆಬಗೆಯ ನಂಟು ಇದ್ದವರಿಗೆ, ಅಂದರೆ ಮನೆಯವರು, ನೆರೆಯವರು, ಗೆಳೆಯರು, ಸಂಘ, ದೇವಸ್ಥಾನ ಅಂತ ಹಲವು ಕಡೆ ಬೆರೆಯೋರಿಗೆ, ನೆಗಡಿ ಹತ್ತಿದ್ದು ಕಡಿಮೆ. ವೈರಸ್ ಎಲ್ಲರಿಗೂ ಅದೇ! ಹತ್ತು ಜನರ ಜೊತೆ ಬೆರೆತರೆ ನೆಗಡಿ ಜಾಸ್ತಿ ಅಂತ ನಾವೆಲ್ಲ ಅಂದುಕೊಳ್ಳೋದು, ಅಲ್ವಾ?

ದೇಹದಲ್ಲಿ ಆಗೋದಿಷ್ಟು. ಒಂಟಿತನ ಬಹುಕಾಲ ಕಾಡಿದರೆ ಒತ್ತಡದ ಹಾರ್ಮೋನು ಏರುಪೇರಾಗುತ್ತೆ, ನಿದ್ದೆ ಕೆಡುತ್ತೆ, ಬಿಪಿ ಏರುತ್ತೆ, ಒಳಗೊಳಗೇ ಉರಿಯೂತ ಹೆಚ್ಚುತ್ತೆ. 2016ರಲ್ಲಿ ಬಂದ ಒಂದು ದೊಡ್ಡ ವಿಶ್ಲೇಷಣೆಯಲ್ಲಿ, ಒಂಟಿಯಾಗಿದ್ದವರಿಗೆ ಹೃದಯದ ಕಾಯಿಲೆಯ ಅಪಾಯ 29%, ಪಾರ್ಶ್ವವಾಯುವಿನದು 32% ಜಾಸ್ತಿ ಕಂಡಿತ್ತು.

ಕೊನೆಗೆ ಒಂದು ಎಚ್ಚರಿಕೆ, ಇದನ್ನು ದಯವಿಟ್ಟು ಗಮನಿಸಿ. ಅತ್ತೆಯವರ ಶುಗರ್ ಮಾತ್ರೆ ಯಾವುದು ನೋಡಿ. ಗ್ಲಿಮೆಪಿರೈಡ್ ಇದ್ದರೆ ಅಥವಾ ಇನ್ಸುಲಿನ್ ತಗೋತಿದ್ದರೆ, ಮಾತ್ರೆ ನುಂಗಿ "ದೇವರ ದರ್ಶನ ಆದ ಮೇಲೇ ತಿಂಡಿ" ಅಂತ ಖಾಲಿ ಹೊಟ್ಟೆಯಲ್ಲಿ ಕ್ಯೂ ನಿಲ್ಲೋದು ಬೇಡವೇ ಬೇಡ. ಶುಗರ್ ತಟ್ಟನೆ ಇಳಿಯುತ್ತೆ. ಬೆವರು, ನಡುಕ, ಏನೇನೋ ಮಾತಾಡೋದು. ಜೊತೆಯವರು "ದೇವರು ಬಂತು" ಅಂತ ಕೈ ಮುಗಿದ ಕೇಸು ಕೂಡ ನಾನು ನೋಡಿದ್ದೀನಿ. ಚೀಲದಲ್ಲಿ ಸಕ್ಕರೆ ಪೊಟ್ಟಣ ಇರಲಿ. ಆ ಗ್ಯಾಂಗಿನಲ್ಲಿ ಇನ್ನೊಬ್ಬರಿಗಾದರೂ ಇದು ಗೊತ್ತಿರಲಿ. ಬರೀ ಮೆಟ್‌ಫಾರ್ಮಿನ್ ಆದರೆ ಇಷ್ಟು ಭಯ ಇಲ್ಲ. ಏಕಾದಶಿ, ಸಂಕಷ್ಟಿ ಮಾಡೋರಾದರೆ ಮುಂಚೆಯೇ ಡಾಕ್ಟರ ಹತ್ತಿರ ಮಾತಾಡಿ.

ಕುವೆಂಪುನಗರದ_ಸೊಸೆ
ಅಯ್ಯೋ, ಗ್ಲಿಮೆಪಿರೈಡೇ ಇದೆ ಅಕ್ಕ! ಮೆಟ್‌ಫಾರ್ಮಿನ್ ಜೊತೆಗೆ ಸೇರಿ ಬರುವ ಮಾತ್ರೆ. ಸಂಕಷ್ಟಿ ಬಿಡೋರಲ್ಲ ಇವರು. ತುಂಬಾ ಥ್ಯಾಂಕ್ಸ್, ಇವತ್ತೇ ಹೇಳ್ತೀನಿ.

ಕಡಲತೀರ
ದೇವರು ಬಂತು ಅಂತ ಕೈ ಮುಗಿದರಾ! ನಗಬೇಕೋ ಅಳಬೇಕೋ ಮಾರಾಯ್ರೆ.

ಚುರುಕು_ಚೆನ್ನಿ
ಎಲ್ಲರೂ ವಿಜ್ಞಾನ ಮಾತಾಡ್ತಿದ್ದೀರಿ, ನಾನು ನೇರ ಕೇಳ್ತೀನಿ. ಮೊಮ್ಮಗ ಸ್ಕೂಲ್ ವ್ಯಾನಿಂದ ಇಳಿಯೋ ಹೊತ್ತಿಗೆ ಮನೇಲಿ ಯಾರಿರ್ತಾರೆ? ಸಂಜೆ ಚಪಾತಿ ಹಿಟ್ಟು ಕಲಸೋರು ಯಾರು? ಅಮ್ಮ ಬೀಳ್ತಾರೆ ಅನ್ನೋ ಭಯ ನಿಜಾನೇ ಇರಬಹುದು. ಆದರೆ ಅದರ ಹಿಂದೆ ಇನ್ನೊಂದು ಲೆಕ್ಕ ಇದೆ ಅಂತ ನನಗೆ ಅನುಮಾನ.

ಕುವೆಂಪುನಗರದ_ಸೊಸೆ
ಚೆನ್ನಿಯವರೇ, ಅದೆಲ್ಲ ಇಲ್ಲಿ ಯಾಕೆ? ಮಗು ಮೂರು ಗಂಟೆಗೆ ಬರುತ್ತಾನೆ, ಹೌದು. ಅತ್ತೆ ಇಲ್ಲದ ದಿನ ಕೆಳಗಿನ ಮನೆಯವರು ಇಳಿಸಿಕೊಳ್ತಾರೆ. ನಾನು ಆಫೀಸಿಂದ ಬರೋದು ಆರಕ್ಕೆ. ನಾನೇನೂ ಅತ್ತೇನ ತಡೀತಿಲ್ಲವಲ್ಲ.

ಚುರುಕು_ಚೆನ್ನಿ
ನಿಮಗೆ ಹೇಳಿದ್ದಲ್ಲ, ನಿಮ್ಮ ಯಜಮಾನರಿಗೆ. ಅವರು ಎಷ್ಟು ಗಂಟೆಗೆ ಬರ್ತಾರೆ?

ಅರಳಿಕಟ್ಟೆ
🍿

ಧಾರವಾಡ_ಪೇಢಾ
ಜಗಳ ಬಿಡ್ರಿ. ನಮ್ಮ ಕಡೆ ನೋಡ್ರಿ, ಕರ್ನಾಟಕ ವಿದ್ಯಾವರ್ಧಕ ಸಂಘದ ಯಾವುದೇ ಕಾರ್ಯಕ್ರಮಕ್ಕೆ ಹೋದರೂ ಮುಂದಿನ ಸಾಲು ನಿವೃತ್ತರದ್ದೇ. 1890ರಿಂದ ಇರೋ ಸಂಘ ಅದು. ಭಾಷಣ ಯಾರದ್ದು ಅನ್ನೋದು ಅವರಿಗೆ ಮುಖ್ಯ ಅಲ್ಲ. ಮುಗಿದ ಮೇಲೆ ಹೊರಗೆ ನಿಂತು ಚಹಾ ಕುಡೀತಾ ಆ ಭಾಷಣವನ್ನು ಹರಿದು ಹಾಕೋದು ಇದೆಯಲ್ಲ, ಅದಕ್ಕೇ ಬರೋದು. ನಮ್ಮ ಕಾಕಾ ಅದರಲ್ಲಿ ಒಬ್ಬರು. ಎರಡು ದಿನ ಕಾಣದಿದ್ದರೆ ಮೂರನೇ ದಿನ ಯಾರಾದರೂ ಮನೆ ಬಾಗಿಲಿಗೆ ಬಂದು "ಯಾಕ್ರೀ, ಆರಾಮ ಅದೀರಿಲ್ಲೋ?" ಅಂತ ಕೇಳ್ತಾರೆ. ಒಮ್ಮೆ ಹಾಗೆ ಬಂದವರೇ ಕಾಕಾನ ಮಾತು ತೊದಲೋದನ್ನು, ಬಾಯಿ ಒಂದು ಕಡೆ ವಾಲಿದ್ದನ್ನು ನೋಡಿ ಆಸ್ಪತ್ರೆಗೆ ಹಾಕಿಸಿದರು. ಮನೆಯವರು "ನಿದ್ದೆಗಣ್ಣು" ಅಂದುಕೊಂಡು ಕೂತಿದ್ದರು. ಗೆಳೆಯರು ಬೇಕು ಅನ್ನೋದು ಇದಕ್ಕೂ ಹೌದು.

ಕ್ಲಿನಿಕ್_ಅಕ್ಕ
ಅದೇ. ಪಾರ್ಶ್ವವಾಯುವಿನಲ್ಲಿ ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ನಿಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ತಲುಪಬೇಕು. ನೋಡೋಕೆ ಯಾರಾದರೂ ಇರಬೇಕಲ್ಲ.

ಜೆರ್ಸಿ_ಕನ್ನಡಿಗ
ಇಲ್ಲಿ ಅಮೆರಿಕದಲ್ಲಿ ಅಪ್ಪ ಅಮ್ಮನ್ನ ಆರು ತಿಂಗಳಿಗೆ ಕರೆಸಿಕೊಳ್ಳೋರ ಕಥೆ ಕೇಳಿ. ಮನೆ ದೊಡ್ಡದು, ಹಿಂದೆ ಹಿತ್ತಲು, ಟಿವಿಯಲ್ಲಿ ಎಲ್ಲ ಕನ್ನಡ ಚಾನೆಲ್ಲು. ಆದರೆ ಕಾರು ಇಲ್ಲದೆ ಒಂದು ಹೆಜ್ಜೆ ಆಚೆ ಹೋಗೋಕಾಗಲ್ಲ. ಅಮ್ಮ ಒಂದು ದಿನ "ನಿಮ್ಮೂರಲ್ಲಿ ರಸ್ತೆ ಮೇಲೆ ಜನಾನೇ ಇಲ್ವಲ್ಲೋ" ಅಂದರು. ತರಕಾರಿ ಗಾಡಿಯವನ ಹತ್ತಿರ ಚೌಕಾಸಿ ಮಾಡೋದೂ ಅವರಿಗೆ ದಿನದ ಒಂದು ಕೆಲಸವಾಗಿತ್ತು ಅಂತ ಆಮೇಲೆ ಹೊಳೆಯಿತು. ಕನ್ನಡ ಕೂಟದ ಕಾರ್ಯಕ್ರಮ ಯುಗಾದಿಗೊಂದು, ರಾಜ್ಯೋತ್ಸವಕ್ಕೊಂದು. ನಡುವಿನ ದಿನಗಳಿಗೆ ಏನು? ಕೊನೆಗೆ ಪಕ್ಕದ ಬಡಾವಣೆಯ ತೆಲುಗು ಅಜ್ಜಿಯೊಬ್ಬರು ಪಾರ್ಕಿನಲ್ಲಿ ಸಿಕ್ಕರು. ಇವರಿಗೆ ತೆಲುಗು ಬರಲ್ಲ, ಅವರಿಗೆ ಕನ್ನಡ ಬರಲ್ಲ. ಸೊಸೆಯಂದಿರ ವಿಷಯಕ್ಕೆ ಭಾಷೆ ಬೇಕಾಗಲಿಲ್ಲ 😅

ಚುರುಕು_ಚೆನ್ನಿ
ಹಹ್ಹಹ್ಹಾ!

ಒಂಟಿಸಲಗ
ನಾನು ಬೇರೆ ಕಡೆಯಿಂದ ಮಾತಾಡ್ತೀನಿ. ನಮ್ಮಪ್ಪನಿಗೆ 76. ಪುಸ್ತಕ, ರೇಡಿಯೋ, ತೋಟದ ನಾಲ್ಕು ಗಿಡ. ಜನ ಅಂದರೆ ಆಗಲ್ಲ. ಆರಾಮಾಗಿದ್ದಾರೆ. ನಮ್ಮಕ್ಕ ಇಂಥವೇ ಲೇಖನ ಓದಿ ಅವರನ್ನು ನಗೆಕೂಟಕ್ಕೆ ಸೇರಿಸಿದಳು. ಬೆಳಿಗ್ಗೆ ಆರಕ್ಕೆ ಪಾರ್ಕಲ್ಲಿ ಕೈ ಮೇಲೆತ್ತಿ ಹೋ ಹೋ ಹಾ ಹಾ. ಅಪ್ಪ ಒಂದು ವಾರ ಹೋಗಿ "ನಗೋಕೆ ಕಾರಣ ಬೇಕಮ್ಮ" ಅಂತ ಬಿಟ್ಟರು. ಎಲ್ಲರನ್ನೂ ಗುಂಪಿಗೆ ತಳ್ಳೋದು ಯಾಕೆ?

ಬೆಳಗಿನ_ವಾಕಿಂಗ್
ನಗೆಕೂಟವನ್ನು ಹಗುರವಾಗಿ ನೋಡಬೇಡಿ. 1995ರಲ್ಲಿ ಮುಂಬೈನ ಒಂದು ಪಾರ್ಕಿನಲ್ಲಿ ಡಾ. ಮದನ್ ಕಟಾರಿಯಾ ಐದು ಜನರ ಜೊತೆ ಶುರು ಮಾಡಿದ್ದು, ಈಗ ಜಗತ್ತಿನ ಎಷ್ಟೋ ದೇಶಗಳಲ್ಲಿದೆ. ಕಾರಣ ಇಲ್ಲದೆ ನಗೋದೇ ಅದರ ಸೂತ್ರ. ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಬನ್ನಿ, ಬೆಳಿಗ್ಗೆ ಯಾರ ಮುಖ ಹೇಗಿದೆ ತೋರಿಸ್ತೀನಿ.

ಒಂಟಿಸಲಗ
ಬರಲ್ಲ 🙂

ಕ್ಲಿನಿಕ್_ಅಕ್ಕ
ಸಲಗದವರು ಹೇಳಿದ್ದರಲ್ಲಿ ಹುರುಳಿದೆ. ಒಬ್ಬರೇ ಇರೋದು ಬೇರೆ, ಒಂಟಿ ಅನ್ನಿಸೋದು ಬೇರೆ. ನಿಮ್ಮಪ್ಪನಿಗೆ ಒಬ್ಬರೇ ಇರೋದು ಇಷ್ಟ, ಕಷ್ಟಕ್ಕೆ ಕರೆದರೆ ಬರುವ ಒಬ್ಬಿಬ್ಬರು ಇದ್ದಾರೆ ಅಂದರೆ ಬಿಟ್ಟುಬಿಡಿ. ಮನೆ ತುಂಬ ಜನ ಇದ್ದೂ ಒಂಟಿಯಾಗಿರೋರನ್ನು ನಾನು ಜಾಸ್ತಿ ನೋಡ್ತೀನಿ. ಮಗ ಲ್ಯಾಪ್‌ಟಾಪ್, ಸೊಸೆ ಫೋನು, ಮೊಮ್ಮಗ ಟ್ಯಾಬು. "ಊಟ ಆಯ್ತಾ", "ಮಾತ್ರೆ ತಗೊಂಡ್ರಾ" ಇಷ್ಟೇ ಇಡೀ ದಿನದ ಮಾತು. ಮೊದಲು ಚೆನ್ನಾಗಿ ಬೆರೀತಿದ್ದವರು ಈಗ ಸುಮ್ಮನಾಗಿದ್ದರೆ ಮಾತ್ರ ಗಮನ ಕೊಡಿ. ಅದು ಖಿನ್ನತೆ ಇರಬಹುದು, ಕಿವಿ ಮಂದವಾಗಿರಬಹುದು, ಮರೆವಿನ ಮೊದಲ ಹಂತವೂ ಆಗಿರಬಹುದು.

ಡೇಟಾ_ದಾಸಪ್ಪ
"ಮನೆಯಲ್ಲಿ ಎಲ್ಲ ಇದ್ದಾರಲ್ಲ" ಅನ್ನೋ ಯಜಮಾನರ ವಾದಕ್ಕೆ ಒಂದು ಉತ್ತರ ಇದೆ. ಬ್ರಿಟನ್ನಿನ ಸರ್ಕಾರಿ ನೌಕರರನ್ನು 1985ರಿಂದ ಹಿಂಬಾಲಿಸಿದ ವೈಟ್‌ಹಾಲ್ ಅಂತ ಒಂದು ಅಧ್ಯಯನ ಇದೆ, 10,000ಕ್ಕೂ ಹೆಚ್ಚು ಜನ. 2019ರಲ್ಲಿ ಅದರ ಲೆಕ್ಕ ಬಂತು. 60ರ ವಯಸ್ಸಲ್ಲಿ ಗೆಳೆಯರನ್ನು ಹೆಚ್ಚುಕಡಿಮೆ ದಿನಾ ನೋಡುತ್ತಿದ್ದವರಿಗೆ, ಕೆಲವು ತಿಂಗಳಿಗೊಮ್ಮೆ ಒಬ್ಬಿಬ್ಬರನ್ನು ನೋಡುತ್ತಿದ್ದವರಿಗಿಂತ ಡಿಮೆನ್ಶಿಯಾ, ಅಂದರೆ ಮರೆವಿನ ಕಾಯಿಲೆ, ಬಂದಿದ್ದು ಸುಮಾರು 12% ಕಡಿಮೆ. ನೆಂಟರ ಭೇಟಿಗೆ ಅಂಥ ನಂಟು ಕಾಣಲಿಲ್ಲ. ಮುಂಚೆ ನಾನೇ ಎತ್ತಿದ ಪ್ರಶ್ನೆಗೂ ಇಲ್ಲಿ ಅರ್ಧ ಉತ್ತರ ಇದೆ. ಬಹಳ ವರ್ಷ ಮೊದಲೇ ಅಳೆದಿದ್ದರಿಂದ, ಕಾಯಿಲೆಯಿಂದಲೇ ಮೂಲೆ ಸೇರಿದರು ಅನ್ನೋದು ಅಷ್ಟು ಸುಲಭ ಅಲ್ಲ.

ನಿವೃತ್ತ_ಮೇಷ್ಟ್ರು
ಅಲ್ಲಿ ನೆಂಟರು ಅಂದರೆ ಬೇರೆ ಮನೆಯಲ್ಲಿ ಇರೋರು. ಒಂದೇ ಸೂರಿನಡಿ ಇರೋ ಮಗ, ಸೊಸೆ, ಮೊಮ್ಮಕ್ಕಳ ವಿಷಯ ಅದರಲ್ಲಿ ಬರೋದಿಲ್ಲ. ಬ್ರಿಟಿಷರ ಲೆಕ್ಕವನ್ನು ನಮ್ಮ ಕೂಡುಕುಟುಂಬಕ್ಕೆ ಹಾಗೇ ಅಂಟಿಸಬೇಡಿ.

ಡೇಟಾ_ದಾಸಪ್ಪ
ಮೇಷ್ಟ್ರೇ, ಒಪ್ಪಿದೆ. ಒಳ್ಳೆಯ ಮಾತು. ಆದರೂ ಗೆಳೆಯರಿಗೂ ಮನೆಯವರಿಗೂ ವ್ಯತ್ಯಾಸ ಇದ್ದೇ ಇದೆ. ಮನೆಯವರ ಮುಂದೆ ಹೊಸ ಮಾತು ಹುಡುಕಬೇಕಾಗಿಲ್ಲ. ಗೆಳತಿಯರ ಜೊತೆ ಬಸ್ಸಿನ ಟೈಮು ನೆನಪಿಡಬೇಕು, ಯಾರ ಮಗಳ ಮದುವೆ ಎಲ್ಲಿಗೆ ಬಂತು ಅಂತ ನೆನಪಿಡಬೇಕು, ಭಜನೆಯ ಮುಂದಿನ ಚರಣ ನೆನಪಿಡಬೇಕು. ತಲೆಗೆ ಕೆಲಸ.

ಬಸ್_ನಂಬರ್_94
ಎಲ್ಲ ಸರಿ, ಮಹಿಳೆಯರಿಗೆ ಫ್ರೀ. ನಮ್ಮಪ್ಪ ಏನು ಪಾಪ ಮಾಡಿದರು? 68 ವಯಸ್ಸು, ಮನೇಲೇ ಕೂತಿದ್ದಾರೆ. ಗಂಡಸರಿಗೆ ಒಂಟಿತನ ಇಲ್ವಾ?

ಅರಳಿಕಟ್ಟೆ
60 ದಾಟಿದವರಿಗೆ ಕೆಎಸ್‌ಆರ್‌ಟಿಸಿಯಲ್ಲಿ 25% ರಿಯಾಯಿತಿ ಇದೆ. ಆಧಾರ್ ತೋರಿಸಿ ಕೇಳಲಿ. ಎಷ್ಟೋ ಜನಕ್ಕೆ ಗೊತ್ತೇ ಇಲ್ಲ.

ಬೆಳಗಿನ_ವಾಕಿಂಗ್
ಶಕ್ತಿ ಯೋಜನೆ 2023ರ ಜೂನ್‌ನಲ್ಲಿ ಶುರುವಾದಾಗ ನಾನೂ ಗೊಣಗಿದವನೇ. ಸೀಟು ಸಿಗಲ್ಲ, ದುಡ್ಡು ಎಲ್ಲಿಂದ ಬರುತ್ತೆ ಅಂತ. ಆ ವಾದ ಇರಲಿ, ಅದನ್ನು ಬೇರೆ ಕಡೆ ಮಾಡೋಣ. ಒಂದಂತೂ ನಿಜ. ನಮ್ಮ ಬೀದಿಯ ಅಜ್ಜಿಯರು ಎಲ್ಲಿಗಾದರೂ ಹೋಗಬೇಕೆಂದರೆ ಮೊದಲು ಮಗನ ಮುಂದೆ ಕೈಚಾಚಬೇಕಿತ್ತು. "ಯಾಕೆ, ಎಲ್ಲಿಗೆ, ಯಾರ ಜೊತೆ" ಅಂತ ಮೂರು ಪ್ರಶ್ನೆ ಆದ ಮೇಲೆ ಐವತ್ತು ರೂಪಾಯಿ. ಈಗ ಕೇಳೋದೇ ಬೇಡ.

ಚುರುಕು_ಚೆನ್ನಿ
ಕೆಲವು ಗಂಡುಮಕ್ಕಳಿಗೆ ಉರಿಯೋದೇ ಅದಕ್ಕೆ.

ಬಸ್_ನಂಬರ್_94
ನಾನು ಕೇಳಿದ್ದು ಗಂಡಸರ ಬಗ್ಗೆ. ರಿಯಾಯಿತಿ ಸಿಕ್ಕಿದರೂ ಅಪ್ಪ ಯಾರ ಜೊತೆ ಹೋಗಬೇಕು? ಆಫೀಸು ಬಿಟ್ಟ ಮೇಲೆ ಅವರಿಗೆ ಗೆಳೆಯರೇ ಇಲ್ಲ.

ಕಡಲತೀರ
ಗಂಡಸರಿಗೆ ಎದುರು ಬದುರು ಕೂತು "ಹೇಗಿದ್ದೀರಿ" ಅಂತ ಕೇಳಿದರೆ ಬಾಯಿ ಬಿಡುವುದಿಲ್ಲ. ಕೈಗೆ ಒಂದು ಕೆಲಸ ಕೊಡಬೇಕು. ನಮ್ಮ ಊರಲ್ಲಿ ತಾಳಮದ್ದಳೆ ಉಂಟು. ನಿವೃತ್ತ ಬ್ಯಾಂಕಿನವರೊಬ್ಬರು ಕರ್ಣನ ಅರ್ಥ ಹೇಳುತ್ತಾರೆ. ವಾರವಿಡೀ ಎದುರಾಳಿ ಕೃಷ್ಣನಿಗೆ ಯಾವ ಪ್ರಶ್ನೆ ಹಾಕಿ ಸಿಕ್ಕಿಸುವುದು ಅಂತ ತಯಾರಿ. ಬರೆದುಕೊಂಡ ಸಂಭಾಷಣೆ ಇಲ್ಲ, ಎಲ್ಲ ಆ ಕ್ಷಣಕ್ಕೆ ಹುಟ್ಟಬೇಕು. ಅಷ್ಟು ಕೆಲಸ ಯಾವ ಪದಬಂಧವೂ ತಲೆಗೆ ಕೊಡುವುದಿಲ್ಲ. ಆಸ್ಟ್ರೇಲಿಯಾದಲ್ಲಿ ಇದಕ್ಕಾಗಿಯೇ ಗಂಡಸರ ಶೆಡ್ಡುಗಳಿವೆ. ಮರಗೆಲಸ, ರಿಪೇರಿ ಮಾಡುತ್ತಾ ಮಾಡುತ್ತಾ ಮಾತು ತಾನಾಗಿ ಬರುತ್ತದೆ.

ಗೌಡ್ರು_ಮಂಡ್ಯ
ನಮ್ಮೂರಲ್ಲಿ ಇಸ್ಪೀಟು ಸಾಕು. ಇಪ್ಪತ್ತೆಂಟು ಆಡೋಕೆ ನಾಲ್ಕು ಜನ, ನೋಡೋಕೆ ಹತ್ತು ಜನ, ಬೈಯೋಕೆ ಮನೆ ಹೆಂಗಸರು.

ನಿವೃತ್ತ_ಮೇಷ್ಟ್ರು
ದುಡ್ಡು ಕಟ್ಟಿ ಆಡ್ತಾರಾ?

ಗೌಡ್ರು_ಮಂಡ್ಯ
ಮೇಷ್ಟ್ರು ಮೇಷ್ಟ್ರೇ 😂 ಸೋತವರು ಟೀ ಕೊಡಿಸಬೇಕು, ಅಷ್ಟೇ.

ಕುವೆಂಪುನಗರದ_ಸೊಸೆ
ಇವತ್ತು ಯಜಮಾನರಿಗೆ ಈ ಚರ್ಚೆ ಓದಿಸಿದೆ. ಚೆನ್ನಿಯವರ ಮಾತಿಗೆ ಮುಖ ಕೆಂಪಾಯಿತು, ಆದರೂ ಓದಿದರು. ಕೊನೆಗೆ ಒಂದು ಒಪ್ಪಂದ. ಅತ್ತೆ ಹೊರಡುವ ಹಿಂದಿನ ದಿನವೇ ಹೇಳಬೇಕು. ಆ ದಿನ ಇವರು ಮೂರಕ್ಕೆ ಮನೆಯಿಂದ ಕೆಲಸ ಮಾಡ್ತಾರೆ, ವ್ಯಾನಿಂದ ಮಗೂನ ಇಳಿಸಿಕೊಳ್ತಾರೆ. ಸಕ್ಕರೆ ಪೊಟ್ಟಣದ ವಿಷಯಕ್ಕೆ ಅತ್ತೆ "ನಂಗೇನೂ ಆಗಲ್ಲ" ಅಂದರು, ಆದರೂ ಚೀಲಕ್ಕೆ ಹಾಕಿದ್ದೀನಿ. ಇನ್ನು ಬೀಳುವ ಭಯಕ್ಕೆ ಏನು ಮಾಡೋದು?

ಮಂಡಿ_ಮಾಸ್ತರ
ಫಿಸಿಯೋಥೆರಪಿ ನನ್ನ ಕೆಲಸ, ಆದ್ದರಿಂದ ಹೇಳ್ತೀನಿ. ಗಟ್ಟಿ ಕುರ್ಚಿಯನ್ನು ಗೋಡೆಗೆ ಒರಗಿಸಿಟ್ಟು, ಕೈ ಊರದೆ ಎದ್ದು ಕೂರೋಕೆ ಹೇಳಿ. ಕಷ್ಟ ಆದರೆ ತೊಡೆಯಲ್ಲಿ ಶಕ್ತಿ ಕಮ್ಮಿ ಅಂತ ಅರ್ಥ, ಆ ಎದ್ದು ಕೂರೋದನ್ನೇ ದಿನಾ ಅಭ್ಯಾಸ ಮಾಡಿಸಿ. ಬಸ್ ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಹಿಂಬದಿ ಪಟ್ಟಿ ಇರುವ ಚಪ್ಪಲಿ ಇರಲಿ, ಹವಾಯಿ ಬೇಡ. ಮನೇಲಿ ಕೂರಿಸಿದರೆ ಬೀಳಲ್ಲ ಅನ್ನೋದು ಸುಳ್ಳು. ಕೂತಷ್ಟೂ ಸ್ನಾಯು ಕರಗುತ್ತೆ. ವಯಸ್ಸಾದವರು ಜಾಸ್ತಿ ಬೀಳೋದು ಮನೆಯೊಳಗೇ, ಅದರಲ್ಲೂ ಬಚ್ಚಲಲ್ಲಿ.

ಒಂಟಿಸಲಗ
ಕ್ಲಿನಿಕ್ ಅಕ್ಕ, ಕಿವಿ ಮಂದ ಅಂದಿರಲ್ಲ. ಅಪ್ಪ ರೇಡಿಯೋ ಇತ್ತೀಚೆಗೆ ತುಂಬಾ ಜೋರಾಗಿ ಇಡ್ತಾರೆ. ಫೋನಲ್ಲಿ ನಾನು ಹೇಳಿದ್ದಕ್ಕೆ ಸಂಬಂಧ ಇಲ್ಲದ ಉತ್ತರ ಬರುತ್ತೆ. ಇದಕ್ಕೂ ಅದಕ್ಕೂ ಸಂಬಂಧ ಇದೆಯಾ?

ಕ್ಲಿನಿಕ್_ಅಕ್ಕ
ಇರಬಹುದು. ನಾಲ್ಕು ಜನ ಒಟ್ಟಿಗೆ ಮಾತಾಡುವಾಗ ಕೇಳಿಸದಿದ್ದರೆ ಮನುಷ್ಯ ಸುಮ್ಮನೆ ತಲೆ ಆಡಿಸೋಕೆ ಶುರು ಮಾಡ್ತಾನೆ, ಆಮೇಲೆ ಅಲ್ಲಿಗೆ ಹೋಗೋದನ್ನೇ ಬಿಡ್ತಾನೆ. ಮನೆಯವರು "ಅವರಿಗೆ ಜನ ಆಗಲ್ಲ" ಅಂತಾರೆ. ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯ ಆಯೋಗದ 2024ರ ವರದಿಯಲ್ಲಿ ಡಿಮೆನ್ಶಿಯಾಕ್ಕೆ ನಾವು ತಡೆಯಬಹುದಾದ 14 ಕಾರಣ ಪಟ್ಟಿ ಮಾಡಿದ್ದಾರೆ. ಜನರ ಒಡನಾಟ ಇಲ್ಲದಿರೋದರ ಪಾಲು 5%, ಕಿವುಡುತನದ್ದು 7%. ಎರಡೂ ಒಂದಕ್ಕೊಂದು ಗಂಟು ಬಿದ್ದಿವೆ. 2023ರ ಅಮೆರಿಕದ ಪ್ರಯೋಗವೊಂದರಲ್ಲಿ 70 ದಾಟಿದ 977 ಜನರನ್ನು ನೋಡಿದರು. ಒಟ್ಟಾರೆ ಕಿವಿ ಮೆಷಿನ್ನಿನಿಂದ ವ್ಯತ್ಯಾಸ ಕಾಣಲಿಲ್ಲ. ಆದರೆ ಮೊದಲೇ ಅಪಾಯ ಜಾಸ್ತಿ ಇದ್ದ ಗುಂಪಿನಲ್ಲಿ ಮೂರು ವರ್ಷದಲ್ಲಿ ನೆನಪು, ಯೋಚನೆ ಕುಸಿಯುವ ವೇಗ 48% ತಗ್ಗಿತು. ಮೊದಲು ಕಿವಿ ಪರೀಕ್ಷೆ ಮಾಡಿಸಿ.

ಬೆಳಗಿನ_ವಾಕಿಂಗ್
ಮೈಸೂರಿನ ಆಸುಪಾಸಿನವರಾದರೆ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋಗಿ. ನಾವೆಲ್ಲ ಸ್ಪೀಚ್ ಅಂಡ್ ಹಿಯರಿಂಗ್ ಅಂತೀವಲ್ಲ, ಅದೇ. ಕೇಂದ್ರ ಸರ್ಕಾರದ್ದು. ಆದಾಯ ಕಡಿಮೆ ಇರೋರಿಗೆ ಅಡಿಪ್ ಯೋಜನೆಯಲ್ಲಿ ಮೆಷಿನ್ ಕೂಡ ಸಿಗುತ್ತೆ. ಜನ ಜಾಸ್ತಿ ಇರ್ತಾರೆ, ಬೆಳಿಗ್ಗೆ ಬೇಗ ಹೋಗಿ.

ಬಸ್_ನಂಬರ್_94
ನಮ್ಮ ದೊಡ್ಡಪ್ಪನಿಗೆ ಮೆಷಿನ್ ಹಾಕಿಸಿದ್ದೆವು. ಕುಕ್ಕರ್ ಸೀಟಿ, ಬೈಕ್ ಸದ್ದು ಎಲ್ಲ ತಲೆಗೆ ಹೊಡೆಯುತ್ತೆ ಅಂತ ಡ್ರಾಯರಿನಲ್ಲಿ ಇಟ್ಟಿದ್ದಾರೆ.

ಮಂಡಿ_ಮಾಸ್ತರ
ನಮ್ಮ ಕ್ಲಿನಿಕ್ ಪಕ್ಕದ ಆಡಿಯಾಲಜಿಸ್ಟ್ ಹೇಳೋದು ಇದು. ಮೊದಲ ದಿನವೇ ಮದುವೆ ಮನೆಗೆ ಹಾಕಿಕೊಂಡು ಹೋಗಬಾರದು. ಮನೆಯಲ್ಲಿ ಒಬ್ಬರ ಜೊತೆ ಮಾತಾಡುವಾಗ ಸ್ವಲ್ಪ ಹೊತ್ತು, ಆಮೇಲೆ ನಿಧಾನಕ್ಕೆ ಜಾಸ್ತಿ. ಇಷ್ಟು ವರ್ಷ ಕೇಳಿಸದ ಸದ್ದಿಗೆ ಮಿದುಳು ಹೊಂದಿಕೊಳ್ಳೋಕೆ ಕೆಲವು ವಾರ ಬೇಕು. ಸದ್ದು ತಲೆಗೆ ಹೊಡೆದರೆ ವಾಪಸ್ ಹೋಗಿ ಸೆಟ್ಟಿಂಗ್ ಬದಲಿಸಿಕೊಳ್ಳಬಹುದು. ಕುಂಯ್ ಅಂತ ಸೀಟಿ ಬರ್ತಿದ್ದರೆ ಕಿವಿಯಲ್ಲಿ ಸರಿಯಾಗಿ ಕೂತಿಲ್ಲ ಅಥವಾ ಗುಗ್ಗೆ ಕಟ್ಟಿದೆ ಅಂತ.

ಬಸ್_ನಂಬರ್_94
ಕುಂಯ್ ಅಂತಿತ್ತು. ಭಾನುವಾರ ದೊಡ್ಡಪ್ಪನ ಮನೆಗೆ ಹೋಗ್ತೀನಿ, ನೋಡ್ತೀನಿ.

ಒಂಟಿಸಲಗ
ನಾನೂ ಅಪ್ಪನಿಗೆ ಟೈಮ್ ತಗೋತೀನಿ. ಕಿವಿ ಸರಿ ಹೋದ ಮೇಲೂ ನಗೆಕೂಟಕ್ಕೆ ಬರಲ್ಲ ಅಂತ ಈಗಲೇ ಹೇಳಿದ್ದಾರೆ.